ಉಪ್ಪುಗಾಳಿಯ ಊರಿನಲ್ಲಿ ರಿವಾಲ್ವರಿನ ಮೆರುಗು

ಕೇಳುಗರಿಗೆ ನಮಸ್ಕಾರಗಳು.

ಮಳೆಗಾಲದ ಆಟಿ ತಿಂಗಳಿನಲ್ಲಿ ನಮ್ಮ ಕರಾವಳಿಯ ಮನೆಗಳೊಳಗೆ ಕಬ್ಬಿಣಕ್ಕೆ ಏನಾಗುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ದಿನ ಮುಟ್ಟದೆ ಬಿಟ್ಟ ಕತ್ತಿಯ ಅಲಗಿನ ಮೇಲೆ ಕೆಂಪು ಪುಡಿ ಏಳುತ್ತದೆ. ಕಿಟಕಿಯ ಸರಳು ಬಣ್ಣದ ಅಡಿಯಿಂದಲೇ ಉಬ್ಬಿ ಬರುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಮಳೆಯಿಲ್ಲದ ದಿನಗಳಲ್ಲಿಯೂ ಕಡಲಿನ ಉಪ್ಪನ್ನು ಹೊತ್ತ ಗಾಳಿ ಬೀಸುವ ಈ ನೆಲದಲ್ಲಿ, ಪರವಾನಗಿ ಪಡೆದು ರಿವಾಲ್ವರನ್ನೋ ಪಿಸ್ತೂಲನ್ನೋ ಇಟ್ಟುಕೊಂಡವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಮೆರುಗು ಹೆಚ್ಚು ಕಾಲ ಬಾಳುತ್ತದೆ? ಯಾವುದು ನೋಡಲು ಚಂದ? ಲೋಹದ ಮೇಲ್ಮೈ ಸಂಸ್ಕರಣೆಯನ್ನು ಹಲವು ವರ್ಷ ಪಾಠ ಮಾಡಿದ ನನಗೆ, ಇವೆರಡಕ್ಕೂ ಉತ್ತರ ಹೇಳುವ ಮೊದಲು ಮೂರನೆಯದೊಂದನ್ನು ಕೇಳಬೇಕು ಅನ್ನಿಸುತ್ತದೆ. ಆ ಮೆರುಗು ಕೆಡುವಾಗ ಹೇಗೆ ಕೆಡುತ್ತದೆ?

ಹಳೆಯ ರಿವಾಲ್ವರುಗಳ ಮೇಲೆ ಕಾಣುವ ನೀಲಿಗಪ್ಪು ಬಣ್ಣವನ್ನು ಬ್ಲೂಯಿಂಗ್ ಎನ್ನುತ್ತಾರೆ. ಅದು ಬಳಿದ ಬಣ್ಣವಲ್ಲ. ಅದೂ ಒಂದು ಬಗೆಯ ತುಕ್ಕೇ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಕೆಂಪು ತುಕ್ಕು ಸಡಿಲವಾದದ್ದು, ತೇವವನ್ನು ಹೀರಿಕೊಂಡು ಉಕ್ಕನ್ನು ಒಳಗೊಳಗೇ ತಿನ್ನುತ್ತಾ ಹೋಗುವಂಥದ್ದು. ಕಪ್ಪು ಆಕ್ಸೈಡ್, ಅಂದರೆ ಮ್ಯಾಗ್ನಟೈಟ್, ಉಕ್ಕಿಗೆ ಬಿಗಿಯಾಗಿ ಅಂಟಿ ಕುಳಿತುಕೊಳ್ಳುವಂಥದ್ದು. ಹಳೆಯ ಕ್ರಮದಲ್ಲಿ ಕುಶಲಕರ್ಮಿಯು ನಯಗೊಳಿಸಿದ ಉಕ್ಕಿಗೆ ಆಮ್ಲದ ದ್ರಾವಣವನ್ನು ತೆಳ್ಳಗೆ ಸವರಿ, ತೇವದ ಕೋಣೆಯಲ್ಲಿಟ್ಟು ಬೇಕೆಂದೇ ತುಕ್ಕು ಹಿಡಿಸಿ, ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ಕೆಂಪನ್ನು ಕಪ್ಪಾಗಿಸಿ, ಮೇಲಿನ ಸಡಿಲ ಪುಡಿಯನ್ನು ನವಿರಾದ ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದು, ಇದೇ ಕೆಲಸವನ್ನು ಹಲವು ದಿನ ಮತ್ತೆ ಮತ್ತೆ ಮಾಡುತ್ತಿದ್ದ. ಒಂದೊಂದು ಸಲವೂ ಬಣ್ಣ ಸ್ವಲ್ಪ ಸ್ವಲ್ಪವೇ ಆಳಕ್ಕೆ ಇಳಿಯುತ್ತಿತ್ತು. ಕಾರ್ಖಾನೆಗಳು ದೊಡ್ಡದಾದ ಮೇಲೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ತೊಟ್ಟಿಯಲ್ಲಿ ಮುಳುಗಿಸಿ, ಒಂದು ಗಂಟೆಯೊಳಗೇ ಈ ಕೆಲಸವನ್ನು ಮುಗಿಸುವ ಕ್ರಮ ಬಂತು. ಆದರೆ ನಮ್ಮ ತೋಟದ ಮನೆಗಳಲ್ಲಿರುವ ಜೋಡುನಳಿಗೆಯ ಕೋವಿಗಳಿಗೆ ಈ ಬಿಸಿತೊಟ್ಟಿ ಆಗಿಬರುವುದಿಲ್ಲ, ಏಕೆಂದರೆ ಎರಡು ನಳಿಗೆಗಳನ್ನು ಕೂಡಿಸಿರುವ ಮೆದು ಬೆಸುಗೆಯನ್ನು ಆ ಕ್ಷಾರ ತಿಂದುಹಾಕುತ್ತದೆ. ಅವುಗಳಿಗೆ ಇಂದಿಗೂ ಹಳೆಯ ನಿಧಾನದ ಕ್ರಮವೇ ಬೇಕು.

ಚಂದದ ಮಾತಿಗೆ ಬಂದರೆ, ಚೆನ್ನಾಗಿ ಮಾಡಿದ ಬ್ಲೂಯಿಂಗಿಗೆ ಸಮನಾದದ್ದನ್ನು ನಾನು ಕಂಡಿಲ್ಲ. ಅದರ ಸೌಂದರ್ಯವು ತೊಟ್ಟಿಯಲ್ಲಿ ಹುಟ್ಟುವುದಿಲ್ಲ. ಅದಕ್ಕೆ ಮೊದಲು ಉಕ್ಕನ್ನು ಎಷ್ಟು ತಾಳ್ಮೆಯಿಂದ ನಯಗೊಳಿಸಿದ್ದಾರೆ ಎಂಬುದರಲ್ಲಿ ಹುಟ್ಟುತ್ತದೆ. ಕನ್ನಡಿಯಂತೆ ನಯಗೊಳಿಸಿದ ಉಕ್ಕು ಇರುಳಿನ ಕೆರೆಯ ನೀರಿನಂತೆ ಕಾಣುತ್ತದೆ, ಮರಳು ಸಿಡಿಸಿ ಒರಟಾಗಿಸಿದ ಉಕ್ಕು ಅದೇ ತೊಟ್ಟಿಯಿಂದ ಹೊಗೆಗಪ್ಪಾಗಿ ಹೊರಬರುತ್ತದೆ. ಬಾಳಿಕೆಯ ಮಾತು ಬೇರೆ. ಈ ಪದರದ ದಪ್ಪ ಸುಮಾರು ಒಂದು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಎಣ್ಣೆ ಇಲ್ಲದಿದ್ದರೆ ಅದು ತೇವವನ್ನು ತಡೆಯಲಾರದು.

ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲು ನಮ್ಮ ಮನೆಯಲ್ಲಿಯೇ ಕಂಡಿದ್ದೆ. ಉಡುಪಿಯ ನಮ್ಮ ಮನೆಯಲ್ಲಿ ತಂದೆಯವರ ಹೆಸರಿನಲ್ಲಿ ಒಂದು .32 ರಿವಾಲ್ವರ್ ಇತ್ತು. ಅವರು ಅದನ್ನು ಅದರ ಚರ್ಮದ ಚೀಲದಲ್ಲಿ ಇಟ್ಟು, ಚೀಲವನ್ನು ಬಟ್ಟೆಯಲ್ಲಿ ಸುತ್ತಿ, ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿ, ಬಹಳ ಜೋಪಾನವಾಗಿ ಇಟ್ಟಿದ್ದೇವೆಂದು ನಂಬಿದ್ದರು. ಮಳೆಗಾಲ ಕಳೆದು ನವರಾತ್ರಿಯ ಆಯುಧಪೂಜೆಗೆ ಹೊರತೆಗೆದಾಗ, ಚೀಲದ ಹೊಲಿಗೆ ಎಲ್ಲೆಲ್ಲಿ ಉಕ್ಕಿಗೆ ತಾಗಿತ್ತೋ ಅಲ್ಲೆಲ್ಲ ಸಾಲಾಗಿ ಕಂದು ಚುಕ್ಕೆಗಳು ಎದ್ದಿದ್ದವು. ಚರ್ಮವು ತೇವವನ್ನು ಹಿಡಿದಿಡುತ್ತದೆ, ಹದ ಮಾಡುವಾಗ ಬಳಸಿದ ಆಮ್ಲ ಮತ್ತು ಲವಣಗಳ ಅಂಶವೂ ಅದರಲ್ಲಿ ಉಳಿದಿರುತ್ತದೆ. ಚೀಲ ಇರುವುದು ಹೊತ್ತೊಯ್ಯುವುದಕ್ಕೇ ಹೊರತು ಇಟ್ಟುಕೊಳ್ಳುವುದಕ್ಕಲ್ಲ. ಆದರೂ ಆ ದಿನ ನಮಗೆ ದೊಡ್ಡ ನಷ್ಟವಾಗಲಿಲ್ಲ. ತುಕ್ಕು ಕಣ್ಣಿಗೆ ಬೀಳುವ ಹಾಗೆ ಮೇಲೆಯೇ ಇತ್ತು. ಎಣ್ಣೆ ಹಚ್ಚಿ, ನವಿರಾದ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿದಾಗ ಬಹುಪಾಲು ಹೋಯಿತು. ಬ್ಲೂಯಿಂಗ್ ಬೇಗ ಸೋಲುತ್ತದೆ, ಆದರೆ ಸೋತದ್ದನ್ನು ಮುಚ್ಚಿಡುವುದಿಲ್ಲ. ಇದನ್ನು ನಾನು ಅದರ ದೊಡ್ಡ ಗುಣವೆಂದೇ ತಿಳಿದಿದ್ದೇನೆ.

ನಿಕ್ಕಲ್ ಲೇಪನದ ಸ್ವಭಾವ ಇದಕ್ಕೆ ಪೂರ್ತಿ ತಿರುಗುಮುರುಗು. ಹತ್ತೊಂಬತ್ತನೆಯ ಶತಮಾನದಿಂದಲೂ ಬಳಕೆಯಲ್ಲಿರುವ ಈ ಲೇಪನಕ್ಕೆ ಬೆಳ್ಳಿಗಿಂತ ತುಸು ಹಳದಿಯಾದ, ಬೆಚ್ಚನೆಯ ಹೊಳಪಿದೆ. ಪದರ ಅಖಂಡವಾಗಿರುವವರೆಗೆ ಅದು ಬೆವರನ್ನೂ ಉಪ್ಪನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಎಲ್ಲಿಯೋ ಒಂದು ಸೂಜಿಮೊನೆಯಷ್ಟು ತೂತಾದರೆ ಅಲ್ಲಿಂದ ಒಳಗಿಳಿದ ನೀರು ಉಕ್ಕನ್ನೇ ಹುಡುಕಿಕೊಂಡು ಹೋಗುತ್ತದೆ. ಮಲ್ಪೆಯ ಬಂದರಿನವರಿಗೆ ಇದರ ಕಾರಣ ಬೇಗ ಹೊಳೆಯುತ್ತದೆ. ಉಕ್ಕಿನ ಬೋಟಿನ ತಳಕ್ಕೆ ಸತುವಿನ ಗಟ್ಟಿಗಳನ್ನು ಜೋಡಿಸಿದರೆ, ಸತುವು ತಾನು ಕರಗಿ ಉಕ್ಕನ್ನು ಉಳಿಸುತ್ತದೆ. ನಿಕ್ಕಲ್ ಮಾಡುವುದು ಅದಕ್ಕೆ ವಿರುದ್ಧವಾದದ್ದು: ತಾನು ಉಳಿದು ಉಕ್ಕನ್ನು ಬಲಿಕೊಡುತ್ತದೆ. ಮೇಲೆ ಹೊಳಪು ಹಾಗೆಯೇ ಇರುವಾಗ ಅಡಿಯಲ್ಲಿ ತುಕ್ಕು ಹರಡಿ, ಒಂದು ದಿನ ಪದರವೇ ಹಕ್ಕಳೆಯಾಗಿ ಎದ್ದು ಬರುತ್ತದೆ. ನಿಕ್ಕಲಿನ ಅಡಿಗೆ ತಾಮ್ರದ ಪದರ ಕೊಟ್ಟಿರುವ ರಿವಾಲ್ವರುಗಳಲ್ಲಿ, ನಳಿಗೆಯನ್ನು ಶುಚಿಗೊಳಿಸಲು ಅಮೋನಿಯಾ ಇರುವ ದ್ರಾವಣ ಬಳಸಿದರೂ ಇದೇ ಗತಿ, ಏಕೆಂದರೆ ಅಮೋನಿಯಾ ತಾಮ್ರವನ್ನು ಕರಗಿಸುತ್ತದೆ. ಹಾರ್ಡ್ ಕ್ರೋಮ್ ಎಂಬ ಕ್ರೋಮಿಯಂ ಲೇಪನ ಬಲು ಗಟ್ಟಿ. ಅದರ ಮಂದವಾದ ಬೂದುಬಿಳಿ ಮೈ ಉಜ್ಜುವಿಕೆಗೆ ಸುಲಭವಾಗಿ ಸವೆಯುವುದಿಲ್ಲ. ಆದರೂ ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುವುದರಿಂದ ಉಪ್ಪುನೀರಿನ ಭಯ ಅದಕ್ಕೂ ತಪ್ಪಿದ್ದಲ್ಲ.

ಹಾಗಾದರೆ ಸ್ಟೇನ್‌ಲೆಸ್ ಸ್ಟೀಲ್ ಕೊಂಡರೆ ಚಿಂತೆ ಇಲ್ಲವಲ್ಲ ಎನ್ನುವವರಿದ್ದಾರೆ. 1965ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯು ಮಾಡೆಲ್ 60 ಎಂಬ ಸ್ಟೇನ್‌ಲೆಸ್ ರಿವಾಲ್ವರನ್ನು ಹೊರತಂದ ಮೇಲೆ ಈ ನಂಬಿಕೆ ಗಟ್ಟಿಯಾಯಿತು. ನಮ್ಮ ಮನೆಯ ಹೆಂಗಸರು ಮಿಡಿ ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬದೆ ಭರಣಿಯಲ್ಲಿಯೇ ಏಕೆ ತುಂಬುತ್ತಾರೆ ಎಂಬುದನ್ನು ನೆನೆದರೆ ಇದರ ಮಿತಿ ತಿಳಿಯುತ್ತದೆ. ಸ್ಟೇನ್‌ಲೆಸ್ಸನ್ನು ಕಾಯುವುದು ಅದರಲ್ಲಿರುವ ಕ್ರೋಮಿಯಂ ಗಾಳಿಯೊಡನೆ ಸೇರಿ ಕಟ್ಟುವ ಅತಿ ತೆಳುವಾದ ಪೊರೆ, ಆ ಪೊರೆಯನ್ನು ಉಪ್ಪಿನ ಕ್ಲೋರೈಡ್ ಅಲ್ಲಲ್ಲಿ ಚುಚ್ಚಿ ಒಡೆಯುತ್ತದೆ. ಅಡುಗೆ ಪಾತ್ರೆಯ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡಾ 18ರಷ್ಟು ಕ್ರೋಮಿಯಂ ಇದ್ದರೆ, ಕಾಯಿಸಿ ಗಟ್ಟಿಗೊಳಿಸಬೇಕಾದ ರಿವಾಲ್ವರಿನ ಬಿಡಿಭಾಗಗಳ ಉಕ್ಕಿನಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ. ಹಾಗಿದ್ದರೂ ಬ್ಲೂಯಿಂಗಿಗಿಂತ ಅದು ಎಷ್ಟೋ ಪಾಲು ಮೇಲು. ಗೀರು ಬಿದ್ದರೆ ಉಜ್ಜಿ ಸರಿಪಡಿಸಬಹುದು, ಪೊರೆ ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ. 2014ರಲ್ಲಿ ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿಯಿಂದ ಬಂದ ನಿರ್ಭೀಕ್ ರಿವಾಲ್ವರಿನಲ್ಲಿ ಬಳಸಿದ ಟೈಟಾನಿಯಂ ಮಿಶ್ರಲೋಹವು ಈ ವಿಷಯದಲ್ಲಿ ಇನ್ನೂ ಮುಂದೆ. ಟೈಟಾನಿಯಮ್ಮಿಗೆ ಕಡಲಿನ ಉಪ್ಪು ಏನೂ ಮಾಡಲಾರದು.

ಬಾಳಿಕೆಯೊಂದನ್ನೇ ನೋಡುವುದಾದರೆ ನಾನು ನೈಟ್ರೈಡಿಂಗಿಗೆ ಮೊದಲ ಸ್ಥಾನ ಕೊಡುತ್ತೇನೆ. ಇದು ಮೇಲೆ ಹಚ್ಚುವ ಪದರವಲ್ಲ. ಸುಮಾರು 580 ಡಿಗ್ರಿ ಸೆಲ್ಸಿಯಸ್ ಶಾಖದ ಲವಣದ ತೊಟ್ಟಿಯಲ್ಲಿ ಸಾರಜನಕವೂ ಇಂಗಾಲವೂ ಉಕ್ಕಿನೊಳಕ್ಕೇ ಇಳಿದು ಅದರ ಚರ್ಮವನ್ನು ಬೇರೆಯದಾಗಿಸುತ್ತವೆ, ಆದ್ದರಿಂದ ಹಕ್ಕಳೆ ಏಳುವ ಪ್ರಶ್ನೆಯೇ ಇಲ್ಲ. 1982ರಲ್ಲಿ ಆಸ್ಟ್ರಿಯಾದ ಸೇನೆ ಆರಿಸಿಕೊಂಡ ಗ್ಲಾಕ್ ಪಿಸ್ತೂಲು ಟೆನಿಫರ್ ಎಂಬ ಹೆಸರಿನ ಈ ಸಂಸ್ಕರಣೆಗೂ ಹೆಸರಾಯಿತು. ಅಂಥ ಪಿಸ್ತೂಲಿನ ಕಪ್ಪು ಬಣ್ಣ ಅಂಚಿನಲ್ಲಿ ಸವೆದು ಬೂದುಬಣ್ಣ ಕಂಡಾಗ ಕೆಲವರು ಗಾಬರಿಯಾಗುತ್ತಾರೆ; ಸವೆದದ್ದು ಮೇಲಿನ ಬಣ್ಣ ಮಾತ್ರ, ಕಾಯುವ ಗಟ್ಟಿ ಚರ್ಮ ಅದರ ಅಡಿಯಲ್ಲಿ ಹಾಗೆಯೇ ಇರುತ್ತದೆ. ನೋಟಕ್ಕೆ ಅದು ಒಂದು ಒಳ್ಳೆಯ ಉಪಕರಣದಂತೆ ಕಾಣುತ್ತದೆ, ಅಷ್ಟೇ. ಸೈನ್ಯದ ಪಿಸ್ತೂಲುಗಳ ಬೂದುಬಣ್ಣದ ಫಾಸ್ಫೇಟ್ ಲೇಪವಾದ ಪಾರ್ಕರೈಸಿಂಗ್ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆಯನ್ನು ಹಿಡಿದಿಟ್ಟುಕೊಂಡು ಕೆಲಸ ಮಾಡುತ್ತದೆ, ಎಣ್ಣೆ ಒಣಗಿದರೆ ಅದರ ಶಕ್ತಿ ಮುಗಿಯಿತು. ಸಿಂಪಡಿಸಿ ಒಲೆಯಲ್ಲಿ ಬೇಯಿಸುವ ಸೆರಾಕೋಟ್ ಬಗೆಯ ಸೆರಾಮಿಕ್ ಲೇಪಗಳು ಉಪ್ಪನ್ನು ಬಹಳ ಚೆನ್ನಾಗಿ ತಡೆಯುತ್ತವೆ. ಬೇಕಾದ ಬಣ್ಣವೂ ಸಿಗುತ್ತದೆ. ಆದರೆ ಲೋಹಕ್ಕೆ ಲೋಹ ಉಜ್ಜುವ ಜಾಗಗಳಲ್ಲಿ ಅವು ಸವೆಯುತ್ತವೆ.

ಮೆರುಗು ಯಾವುದೇ ಇರಲಿ, ನಮ್ಮಲ್ಲಿ ಅದನ್ನು ಹೆಚ್ಚಾಗಿ ಕೆಡಿಸುವ ಸಂದರ್ಭಗಳು ಎರಡು. ಒಂದು ಆಯುಧಪೂಜೆ. ಒದ್ದೆ ಕುಂಕುಮ ಮತ್ತು ಗಂಧವನ್ನು ಉಕ್ಕಿಗೆ ಹಚ್ಚಿ ಮರುದಿನದವರೆಗೆ ಬಿಟ್ಟರೆ ಅದರ ಕೆಳಗೆ ತೇವ ಕುಳಿತು ಕಲೆಯಾಗುತ್ತದೆ. ಹಿಡಿಯ ಮರಕ್ಕೆ ಹಚ್ಚಿದರೆ ಪೂಜೆಗೂ ಕೊರತೆಯಿಲ್ಲ, ಉಕ್ಕಿಗೂ ಹಾನಿಯಿಲ್ಲ. ಇನ್ನೊಂದು, ಚುನಾವಣೆಯ ಕಾಲದಲ್ಲಿ ಆಯುಧವನ್ನು ಠೇವಣಿಗೆ ಒಪ್ಪಿಸುವುದು. ವಾರಗಟ್ಟಲೆ ಆಯುಧ ನಮ್ಮ ಕೈಯಲ್ಲಿರುವುದಿಲ್ಲವಾದ್ದರಿಂದ, ಒಪ್ಪಿಸುವ ಮುನ್ನ ತೋಟೆಗಳನ್ನು ತೆಗೆದು, ಒಳಗೂ ಹೊರಗೂ ಎಣ್ಣೆ ಸವರಿ, ಚರ್ಮದ ಚೀಲವನ್ನು ಮನೆಯಲ್ಲಿಯೇ ಬಿಟ್ಟು, ಎಣ್ಣೆ ಹೀರಿದ ಬಟ್ಟೆಯಲ್ಲಿ ಸುತ್ತಿ ಕೊಡುವುದು ಒಳಿತು.

ಹಳೆಯ ರಿವಾಲ್ವರಿಗೆ ಹೊಸದಾಗಿ ಬ್ಲೂಯಿಂಗ್ ಮಾಡಿಸಬೇಕೆಂಬ ಆಸೆ ಅನೇಕರಿಗಿರುತ್ತದೆ. ಅದನ್ನು ಪರವಾನಗಿ ಹೊಂದಿದ ದುರಸ್ತಿಗಾರರಿಂದ ಮಾತ್ರ ಮಾಡಿಸಬೇಕು, ಏಕೆಂದರೆ ಹೊಸ ಮೆರುಗಿಗೆ ಮೊದಲು ಹಳೆಯ ಮೈಯನ್ನು ಅರೆದು ನಯಗೊಳಿಸಲೇಬೇಕು, ಆ ಅರೆತದಲ್ಲಿ ಅಕ್ಷರಗಳ ಅಂಚು ಮೊಂಡಾಗುತ್ತದೆ. ಆಯುಧದ ಗುರುತಿನ ಸಂಖ್ಯೆಯನ್ನು ಅಳಿಸುವುದು ನಮ್ಮ ಕಾನೂನಿನಲ್ಲಿ ಅಪರಾಧ. ತಂದೆಯವರ ರಿವಾಲ್ವರ್ ಕಾನೂನಿನ ಕ್ರಮದಲ್ಲಿ ನನ್ನ ಹೆಸರಿಗೆ ವರ್ಗವಾದಾಗ ನಾನೂ ಈ ಬಗ್ಗೆ ಯೋಚಿಸಿದೆ. ನಳಿಗೆಯ ತುದಿಯಲ್ಲಿ ಬಣ್ಣ ಪೂರ್ತಿ ಹೋಗಿ ಬೆಳ್ಳಗಾಗಿದೆ, ಹೊಲಿಗೆಯ ಚುಕ್ಕೆಗಳಲ್ಲಿ ನಾಲ್ಕೈದು ಇನ್ನೂ ಕಾಣುತ್ತವೆ. ಆದರೆ ಸಂಖ್ಯೆಯ ಅಂಕಿಗಳು ಹೊಸದರಷ್ಟೇ ಚೂಪಾಗಿವೆ. ಅರೆಯಲು ಕೊಡಲಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಎಣ್ಣೆ ಸವರಿ ಇಡುತ್ತಿದ್ದೇನೆ.

ನಮಸ್ಕಾರ.