ರಿಟೈರ್ಡ್ ಪೊಲೀಸ್ ಹೇಳೋ ಕೇಸ್ ಕತೆ ಪೂರ್ತಿ ನಂಬ್ಬೇಡಿ, ನಾನೂ ಅದೇ ಜಾತಿ

ಯೂನಿಫಾರ್ಮ್ ಬಿಚ್ಚಿಟ್ಟ ಮೇಲೆ ಪೊಲೀಸರಿಗೆ ಹೊಸ ಡ್ಯೂಟಿ ಒಂದು ಶುರುವಾಗಿದೆ ನೋಡಿ, ಮೈಕ್ ಮುಂದೆ ಕೂತು ಕತೆ ಹೇಳೋದು. ಬೇಡ ಅಂತಿಲ್ಲ, ನಾನೂ ಈಗ ಅದನ್ನೇ ಮಾಡ್ತಿದೀನಿ. ಆದ್ರೆ ಒಂದು ಮಾತು ಹೇಳ್ಬೇಕು, ನಮ್ಮೋರಿಗೆ ಬೇಜಾರಾದ್ರೂ ಪರ್ವಾಗಿಲ್ಲ. ಇಷ್ಟು ವರ್ಷ ಆದ್ಮೇಲೆ ನಾವು ಹೇಳೋ ಕೇಸ್ ಕತೇನ ಸಾಕ್ಷಿ ಅಂತ ತಗೋಬೇಡಿ.

ಸುಳ್ಳು ಹೇಳ್ತೀವಿ ಅಂತಲ್ಲ. ಕಳ್ಳನ್ನ ಓಡಿಸ್ಕೊಂಡು ಹೋಗಿದ್ದು ಅರ್ಧ ಬೀದಿ ಇರತ್ತೆ, ಹೇಳ್ತಾ ಹೇಳ್ತಾ ಅದು ಅರ್ಧ ಊರಾಗತ್ತೆ. ಬೇರೆ ಶಿಫ್ಟ್‌ನವನು ನೋಡಿದ್ದನ್ನ ಸ್ಟೇಷನ್ನಲ್ಲಿ ಅಷ್ಟು ಸಲ ಕೇಳಿರ್ತೀವಿ, ಕೊನೆಗೆ ನಾವೇ ಅಲ್ಲಿ ನಿಂತು ನೋಡ್ದಂಗೆ ನೆನಪಿರತ್ತೆ, ಆಣೆ ಮಾಡಿ ಹೇಳು ಅಂದ್ರೂ ಹೇಳ್ತೀವಿ.

ಇನ್ನು ಕಣ್ಣಾರೆ ಕಂಡಿದ್ದು ಅನ್ನೋದು. ಅಮೆರಿಕದ ಬಾಸ್ಟನ್ನಲ್ಲಿ 1995ರಲ್ಲಿ ಒಬ್ಬ ಪೊಲೀಸ್ ರಾತ್ರಿ ಹೊತ್ತು ಆರೋಪಿ ಹಿಂದೆ ಓಡ್ತಿದ್ದ. ಅಲ್ಲೇ ಪಕ್ಕದಲ್ಲಿ ಬೇರೆ ಪೊಲೀಸರು, ಮಫ್ತಿಯಲ್ಲಿದ್ದ ತಮ್ಮದೇ ಆಫೀಸರ್‌ನ ಆರೋಪಿ ಅಂದ್ಕೊಂಡು ಬಡೀತಿದ್ರು. ಇವನು ನಾನು ನೋಡ್ಲಿಲ್ಲ ಅಂದ. ಯಾರು ನಂಬ್ತಾರೆ? 1998ರಲ್ಲಿ ಸುಳ್ಳುಸಾಕ್ಷಿ ಅಂತ ಅಪರಾಧಿ ಆದ, ಆಮೇಲೆ ಆ ತೀರ್ಪು ಬಿದ್ದೋಯ್ತು, ಅದು ಬೇರೆ ಮಾತು. 2011ರಲ್ಲಿ ಇಬ್ರು ಮನಶ್ಶಾಸ್ತ್ರಜ್ಞರು, ಚಾಬ್ರಿಸ್ ಮತ್ತೆ ಸೈಮನ್ಸ್ ಅಂತ, ತಮ್ಮ ತಂಡದ ಜೊತೆ ಇದನ್ನ ಟೆಸ್ಟ್ ಮಾಡಿದ್ರು. ಒಬ್ಬನ ಹಿಂದೆ ಓಡಿ, ಅವನು ಎಷ್ಟು ಸಲ ತಲೆ ಮುಟ್ಕೋತಾನೆ ಎಣಿಸಿ ಅಂತ ಜನಕ್ಕೆ ಹೇಳಿದ್ರು, ದಾರೀಲಿ ಒಂದು ಹುಸಿ ಹೊಡೆದಾಟ ಇಟ್ಟಿದ್ರು. ರಾತ್ರಿ ಓಡಿದವರಲ್ಲಿ ಅದು ಕಂಡಿದ್ದು ನೂರಕ್ಕೆ 35 ಜನಕ್ಕೆ, ಹಗಲಲ್ಲೂ 56 ಅಷ್ಟೇ! ಓಡೋ ಮನುಷ್ಯನಿಗೆ ಓಡ್ತಿರೋನ ಬೆನ್ನೊಂದೇ ಕಾಣೋದು ಸ್ವಾಮಿ, ಇದು ನಮಗೆ ಗೊತ್ತು, ಆದ್ರೂ ಕ್ಯಾಮೆರಾ ಮುಂದೆ ಅವನ ಶರ್ಟಿನ ಬಟನ್ ಬಣ್ಣನೂ ಹೇಳ್ತೀವಿ.

ಸರಿ, ನೆನಪು ಬೇಡ, ಬರೆದಿಟ್ಟಿದ್ದು ಇದೆಯಲ್ಲ ಅಂತೀರಾ? ಅಲ್ಲೂ ಹುಷಾರು. ಇಂಗ್ಲೆಂಡಿನ ಗಿಲ್ಡ್‌ಫೋರ್ಡ್ ಪಬ್ ಬಾಂಬ್ ಕೇಸಲ್ಲಿ 1975ರಲ್ಲಿ ನಾಲ್ಕು ಜನಕ್ಕೆ ಜೀವಾವಧಿ ಆಯ್ತು, ಮುಖ್ಯ ಆಧಾರ ತಪ್ಪೊಪ್ಪಿಗೆ. 1989ರಲ್ಲಿ ಹಳೇ ಕಾಗದ ತೆಗೆದು ನೋಡಿದ್ರೆ, ವಿಚಾರಣೆ ನಡೀತಿದ್ದಾಗಲೇ ಬರೆದಿದ್ದು ಅಂತ ಪೊಲೀಸರು ಹೇಳಿದ್ದ ನೋಟ್ಸ್ ಮೇಲೆ ಅನುಮಾನ ಬಂತು, ಟೈಪ್ ಮಾಡಿ ತಿದ್ದಿರೋ ಪ್ರತಿ ಸಿಕ್ತು, ನಾಲ್ಕೂ ಜನ ಹೊರಗೆ ಬಂದ್ರು. ಅಷ್ಟೊತ್ತಿಗೆ ಹದಿನಾಲ್ಕು ಹದಿನೈದು ವರ್ಷ ಹೋಗಿತ್ತು. ಆ ಪೊಲೀಸರಲ್ಲಿ ಮೂರು ಜನದ ಮೇಲೆ ಕೇಸ್ ಆಯ್ತು, 1993ರಲ್ಲಿ ಅವರೂ ಖುಲಾಸೆ. ವಿಚಾರಣೆ ರೆಕಾರ್ಡ್ ಮಾಡ್ಬೇಕು ಅಂದ್ರೆ ನಮ್ಮೋರು ಮುಖ ಸಿಂಡರಿಸ್ತಾರಲ್ಲ, ನನಗೆ ಅದು ಅರ್ಥ ಆಗಲ್ಲ, ಪ್ರಾಮಾಣಿಕವಾಗಿ ಕೆಲಸ ಮಾಡೋ ಪೊಲೀಸನ್ನ ಕಾಪಾಡೋದೂ ಆ ರೆಕಾರ್ಡಿಂಗೇ.

ಹಾಗಾದ್ರೆ ನಾವು ಹೇಳ್ಬೇಕಾಗಿರೋದೇನು? ಫೈಲಲ್ಲಿ ಇಲ್ದೇ ಇರೋದು. ರಾತ್ರಿ ಯಾರದೋ ಬಾಗಿಲು ತಟ್ಟಿ ನಿಮ್ಮ ಮಗ ಹೋಗ್ಬಿಟ್ಟ ಅಂತ ಹೇಳೋದು. ಆ ಕೆಲಸ ಯಾರಿಗೂ ಬೇಡ, ದಾರಿ ಉದ್ದಕ್ಕೂ ಏನ್ ಹೇಳ್ಬೇಕು ಅಂತ ಜೋಡಿಸ್ಕೊಂಡು ಹೋಗಿರ್ತೀವಿ, ಬಾಗಿಲು ತೆಗೆದವರು ಯೂನಿಫಾರ್ಮ್ ನೋಡಿದ ತಕ್ಷಣ ಅರ್ಥ ಮಾಡ್ಕೊಂಡಿರ್ತಾರೆ, ನಾವು ಬಾಯಿ ಬಿಡೋಕೆ ಮುಂಚೆನೇ. ಕೆಲವರು ಅಳಲ್ಲ, ಒಳಗೆ ಬನ್ನಿ ಕೂತ್ಕೊಳಿ ಅಂತಾರೆ, ಅದು ಇನ್ನೂ ಕಷ್ಟ. ವಾಪಸ್ ಬಂದು ರಿಪೋರ್ಟಲ್ಲಿ ಏನ್ ಬರೀತೀವಿ, "ಸಂಬಂಧಿಕರಿಗೆ ತಿಳಿಸಲಾಗಿದೆ", ಮುಗೀತು. ಕೋರ್ಟಲ್ಲಿ ದಿನವಿಡೀ ಕಾದು ಕೇಸ್ ಮುಂದಕ್ಕೆ ಹೋಯ್ತು ಅಂತ ವಾಪಸ್ ಬರೋದು, ನೈಟ್ ಶಿಫ್ಟ್ ಮುಗಿಸಿ ಮನೇಲಿ ಮಕ್ಕಳ ಮೇಲೆ ಸುಮ್ಸುಮ್ನೆ ರೇಗೋದು, ಇವನ್ನೆಲ್ಲ ಯಾರೂ ಕೇಳಲ್ಲ, ವ್ಯೂಸ್ ಬರಲ್ವಲ್ಲ.

ಅದರ ಬದಲು "ಅವನೇ ಮಾಡಿದ್ದು, ನಂಗೆ ಗೊತ್ತು" ಅಂತ ಕೋರ್ಟ್ ಬಿಟ್ಟು ಕಳಿಸಿರೋ ಮನುಷ್ಯನ ಬಗ್ಗೆ ಮೈಕಲ್ಲಿ ಹೇಳ್ತಾರೆ. ಅವನಿಗೂ ಮನೆ ಮಠ ಇರತ್ತೆ ಕಣ್ರಿ, ಆ ವಿಡಿಯೋ ಅವನ ಮಗಳ ಫೋನಿಗೂ ಬರತ್ತೆ. ಆಂಕರ್‌ಗಳೇ, ನಮ್ಮನ್ನ ಕರೆಸಿದಾಗ ಎರಡು ಪ್ರಶ್ನೆ ಕೇಳಿ. ಆ ಕೇಸಲ್ಲಿ ಕೋರ್ಟ್ ಏನ್ ಹೇಳ್ತು, ಈಗ ಹೇಳಿದ್ದನ್ನ ನೀವು ಆವತ್ತೇ ಎಲ್ಲಾದ್ರೂ ಬರೆದಿದ್ರಾ. ಇದನ್ನ ಕೇಳ್ತೀರಿ ಅಂತ ಗೊತ್ತಾದ್ರೆ ಅರ್ಧ ಜನ ನಿಮ್ಮ ಶೋಗೆ ಬರಲ್ಲ, ಬರದಿದ್ರೆ ಬಿಡಿ.