ಹರ್‌ಲ್ಯಾಂಡ್‌ನಲ್ಲಿ ಪ್ರಶ್ನೆ ಕೇಳುವವರು ಯಾರು?

ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು 1915ರ ಒಂದು ಅಮೆರಿಕನ್ ಕಾದಂಬರಿಯ ಬಗ್ಗೆ. ಹೆಸರು ‘ಹರ್‌ಲ್ಯಾಂಡ್’. ‘ಅವಳ ನಾಡು’ ಅನ್ನಬಹುದು. ಬರೆದವರು ಷಾರ್ಲಟ್ ಪರ್ಕಿನ್ಸ್ ಗಿಲ್ಮನ್. ‘ದಿ ಫೋರ್‌ರನ್ನರ್’ ಅಂತ ಅವರದೇ ಒಂದು ಮಾಸಪತ್ರಿಕೆ ಇತ್ತು. ಕತೆ, ಕವಿತೆ, ಲೇಖನ ಎಲ್ಲವನ್ನೂ ಒಬ್ಬರೇ ಬರೆದು ತುಂಬಿಸುತ್ತಿದ್ದರು! ಈ ಕಾದಂಬರಿ ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. ಪುಸ್ತಕವಾಗಿದ್ದು 1979ರಲ್ಲಿ. ಅಷ್ಟರಲ್ಲಿ ಗಿಲ್ಮನ್ ತೀರಿಕೊಂಡು 44 ವರ್ಷವಾಗಿತ್ತು.

ಬೆಟ್ಟಗಳಾಚೆ ಹೆಂಗಸರೇ ಇರುವ ನಾಡಿದೆ ಅಂತ ಸುದ್ದಿ ಕೇಳಿ ಮೂವರು ಗಂಡಸರು ವಿಮಾನದಲ್ಲಿ ಹೋಗುತ್ತಾರೆ. ಅಚ್ಚುಕಟ್ಟಾದ ರಸ್ತೆ, ತೋಟದಂಥ ಕಾಡು ನೋಡಿದ ಕೂಡಲೇ ಅವರಿಗೆ ಅನ್ನಿಸುವುದು, ಇಲ್ಲಿ ಗಂಡಸರು ಇರಲೇಬೇಕು. ಆದರೆ 2000 ವರ್ಷದಿಂದ ಅಲ್ಲಿ ಒಬ್ಬ ಗಂಡಸೂ ಇಲ್ಲ. ತಾಯಿಯೊಬ್ಬಳಿಂದಲೇ ಹೆಣ್ಣುಮಕ್ಕಳು ಹುಟ್ಟುತ್ತಾರೆ. ಅದು ಹೇಗೆ ಅಂತ ಸದ್ಯಕ್ಕೆ ಕೇಳಬೇಡಿ, ಕತೆ ಮುಂದೆ ಹೋಗಲಿ.

ನನಗೆ ಇಷ್ಟವಾಗುವುದು ಸಣ್ಣ ಸಣ್ಣ ವಿವರಗಳು. ಅವರ ಬಟ್ಟೆಯ ತುಂಬ ಜೇಬುಗಳು. (ನಮ್ಮ ಚೂಡಿದಾರಕ್ಕೆ ಇವತ್ತಿಗೂ ಒಂದು ಜೇಬಿಗೆ ಪರದಾಟ, ಅಲ್ವಾ?) ಬೆಕ್ಕುಗಳಿವೆ, ಇಲಿ ಹಿಡಿಯುತ್ತವೆ, ಆದರೆ ಹಕ್ಕಿ ಮುಟ್ಟುವುದಿಲ್ಲ, ರಾತ್ರಿ ಅರಚುವುದಿಲ್ಲ. ತಲೆಮಾರುಗಳಿಂದ ಹಾಗೆ ತಳಿ ಆರಿಸಿ ಬೆಳೆಸಿದ್ದಾರೆ.

ನಿಜವಾದ ಕತೆ ಶುರುವಾಗುವುದು ಆ ಹೆಂಗಸರು ಪ್ರಶ್ನೆ ಕೇಳತೊಡಗಿದ ಮೇಲೆ. ಜಗಳವಿಲ್ಲ, ವ್ಯಂಗ್ಯವಿಲ್ಲ, ಸುಮ್ನೆ ತಿಳಿದುಕೊಳ್ಳುವ ಆಸೆ. ಟೆರ್ರಿ ಎಂಬವನು ಜಂಬದಿಂದ ಹೇಳುತ್ತಾನೆ, ನಮ್ಮಲ್ಲಿ ಹೆಂಗಸರು ದುಡಿಯುವುದಿಲ್ಲ, ಮನೆಯಲ್ಲಿಟ್ಟು ಪೂಜಿಸುತ್ತೇವೆ. ಯಾರೂ ದುಡಿಯುವುದಿಲ್ಲವೇ? ಬಡವರು ಕೆಲವರು ದುಡಿಯುತ್ತಾರೆ. ಎಷ್ಟು ಜನ? ಪಕ್ಕದಲ್ಲಿದ್ದ ಗೆಳೆಯ ಜೆಫ್ ತುಂಟತನದಿಂದ ಲೆಕ್ಕ ಕೊಡುತ್ತಾನೆ: ಏಳೆಂಟು ಮಿಲಿಯನ್. ಅಂದರೆ 70–80 ಲಕ್ಷ!

ಇನ್ನೊಂದು ಸಲ ಮಾತು ಹಸುವಿನ ಹಾಲಿಗೆ ಬರುತ್ತದೆ. ಅಲ್ಲಿ ದನ ಸಾಕುವುದಿಲ್ಲ. ಹಸುವಿಗೆ ಮಗು ಇಲ್ಲವೇ, ಅದಕ್ಕೂ ನಿಮಗೂ ಸಾಕಾಗುವಷ್ಟು ಹಾಲು ಇರುತ್ತದೆಯೇ ಅಂತ ಅವರು ಕೇಳುತ್ತಾರೆ. ಇವರು ವಿವರಿಸುತ್ತಾರೆ. ಕೇಳುತ್ತ ಕೇಳುತ್ತ ಹೆಂಗಸರ ಮುಖ ಬಿಳಿಚುತ್ತದೆ, ಕ್ಷಮಿಸಿ ಅಂತ ಎದ್ದುಹೋಗುತ್ತಾರೆ. ಚಿಕ್ಕವಳಿದ್ದಾಗ ಕೊಟ್ಟಿಗೆಯಲ್ಲಿ ಕರುವನ್ನು ಎರಡು ಗುಟುಕಿಗೆ ಬಿಟ್ಟು ಕೆಚ್ಚಲಿನಿಂದ ಎಳೆದು ಕಟ್ಟುವುದು ನನ್ನ ಕೆಲಸವಾಗಿತ್ತು. ಹಗ್ಗ ಜಗ್ಗುತ್ತಿದ್ದ ಆ ಕರುವಿನ ಜೋರು ಈ ಪುಟ ಓದುವಾಗ ಕೈಗೆ ನೆನಪಾಯಿತು.

ಹಾಗಂತ ಆ ನಾಡಿನಲ್ಲಿ ಇರಲು ನನಗೆ ಮನಸ್ಸಿಲ್ಲ. ಒಂದು ಸಣ್ಣ ಹೊಟ್ಟೆಕಿಚ್ಚೂ ಇಲ್ಲದ ಊರು ಬೇಜಾರು ಹಿಡಿಸುತ್ತದೆ. ಅದಕ್ಕಿಂತ ದೊಡ್ಡ ತಕರಾರು ಇದೆ. ಕೆಟ್ಟ ಗುಣ ಕಂಡವರಿಗೆ ತಾಯ್ತನ ಬಿಡಿ ಅಂತ ಅಲ್ಲಿ ಹೇಳಲಾಗುತ್ತದೆ. ಆ ಹೆಂಗಸರು ಆರ್ಯ ಮೂಲದವರು ಅಂತಲೂ ಬರುತ್ತದೆ. ಒಳ್ಳೆಯ ತಳಿ ಎಂಬ ಆ ಕಾಲದ ಹುಚ್ಚು ಗಿಲ್ಮನ್ ಅವರಿಗೂ ಹಿಡಿದಿತ್ತು. ಬೆಕ್ಕಿನ ವಿವರ ಓದಿ ನಕ್ಕ ನನಗೆ ಇಲ್ಲಿ ನಗು ಬರಲಿಲ್ಲ.

ಕೊನೆಗೆ ಟೆರ್ರಿ ಅಲ್ಲಿಯ ಒಬ್ಬಳನ್ನು ಮದುವೆಯಾಗುತ್ತಾನೆ. ಗಂಡನೆಂಬ ಹಕ್ಕಿನಿಂದ ಅವಳ ಮೇಲೆ ಬಲಾತ್ಕಾರಕ್ಕೆ ಇಳಿಯುತ್ತಾನೆ. ಅವಳು ತಡೆದು ನಿಲ್ಲಿಸುತ್ತಾಳೆ, ವಿಚಾರಣೆ ನಡೆಯುತ್ತದೆ, ಶಿಕ್ಷೆ ಗಡಿಪಾರು. ಹೊರಡುವ ಮುಂಚೆ ಒಂದು ಷರತ್ತು: ಈ ನಾಡಿನ ದಾರಿ ಯಾರಿಗೂ ಹೇಳಬಾರದು. ಅವನು ಮೊದಲು ಒಪ್ಪುವುದಿಲ್ಲ. ಹಾಗಾದರೆ ಇಲ್ಲೇ ಕೈದಿಯಾಗಿರು ಅನ್ನುತ್ತಾರೆ. ಮಾತು ಕೊಟ್ಟು ವಿಮಾನ ಹತ್ತುತ್ತಾನೆ.