ಊಟ ಮುಗಿದ ಮೇಲೇ ಬಿಲ್ಲು

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಕೆಲಸ ಮಾಡುತ್ತಿದ್ದ ಕಡೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ವೆಬ್ ಪುಟ ಇತ್ತು. ಅದು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಒಂದು ಸ್ಟೋರ್ಡ್ ಪ್ರೊಸೀಜರನ್ನು ಕರೆಯುತ್ತಿತ್ತು. ಗ್ರಾಹಕರ ಪಟ್ಟಿ ಚೆನ್ನಾಗಿಯೇ ಬರುತ್ತಿತ್ತು. ಅದರ ಬೆನ್ನಿಗೆ ಇನ್ನೊಂದು ಸಣ್ಣ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಒಂದು ಪ್ರಶ್ನೆ, ಕಳಿಸಿದರೆ ಸಾಕು, 'ಕಮಾಂಡ್ಸ್ ಔಟ್ ಆಫ್ ಸಿಂಕ್', ಆಜ್ಞೆಗಳ ಸರದಿ ತಪ್ಪಿದೆ ಎಂದು ಬೈಸಿಕೊಳ್ಳಬೇಕಿತ್ತು. ಎರಡು ದಿನ ತಲೆ ಕೆರೆದುಕೊಂಡೆ.

ಸ್ಟೋರ್ಡ್ ಪ್ರೊಸೀಜರ್ ಅಂದರೆ ಡೇಟಾಬೇಸ್‌ನೊಳಗೇ ಹೆಸರಿಟ್ಟು ಉಳಿಸಿದ ಕೆಲಸದ ಪಟ್ಟಿ. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಹಾಕಬೇಕು ಅಂದುಕೊಳ್ಳಿ. ಬಾಕಿ ನೋಡಬೇಕು, ಅಲ್ಲಿ ಕಳೆಯಬೇಕು, ಇಲ್ಲಿ ಕೂಡಿಸಬೇಕು, ದಾಖಲೆ ಬರೆಯಬೇಕು. ಅಪ್ಲಿಕೇಶನ್ ಒಂದೊಂದನ್ನೂ ಬೇರೆಬೇರೆಯಾಗಿ ಹೇಳಿದರೆ ನಾಲ್ಕು ಸಲ ಓಡಾಟ. ಪ್ರೊಸೀಜರ್ ಇದ್ದರೆ ಹೆಸರು ಹೇಳಿ, ಎರಡು ಖಾತೆ ಸಂಖ್ಯೆ ಮತ್ತು ಮೊತ್ತ ಕೊಟ್ಟರೆ ಆಯಿತು. ಹಲವು ಡೇಟಾಬೇಸ್‌ಗಳಲ್ಲಿ ಮಾಹಿತಿ ಇರುವ ಟೇಬಲ್ ಮುಟ್ಟುವ ಹಕ್ಕು ಕೊಡದೆ, ಪ್ರೊಸೀಜರ್ ನಡೆಸುವ ಹಕ್ಕು ಮಾತ್ರ ಕೊಡಬಹುದು. ನನಗೆ ಕೇಳಿದರೆ ವೇಗಕ್ಕಿಂತ ಇದೇ ದೊಡ್ಡ ಲಾಭ.

ಇದು ಹೊಸದೇನಲ್ಲ. ಸೈಬೇಸ್ ಎಂಬ ಡೇಟಾಬೇಸ್ ಕಂಪನಿ 1987ರಲ್ಲೇ ತಂದಿತ್ತು. ಮೈಎಸ್‌ಕ್ಯೂಎಲ್‌ಗೆ ಬಂದದ್ದು 2005ರಲ್ಲಿ, 5.0 ಆವೃತ್ತಿಯ ಜೊತೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಬಹಳ ಕಾಲ, ಉತ್ತರ ಮರಳಿಸುವ ಫಂಕ್ಷನ್‌ಗಳಲ್ಲೇ ಕಾಲ ಹಾಕಿ, 2018ರ 11ನೇ ಆವೃತ್ತಿಯಲ್ಲಿ ಪ್ರೊಸೀಜರ್ ಮತ್ತು 'ಕಾಲ್' ಆಜ್ಞೆ ತಂದಿತು. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ ಇವತ್ತಿಗೂ ಇಲ್ಲ. ಅದು ಆಪ್‌ನೊಳಗೇ ಕೂತಿರುತ್ತದೆ, ಓಡಾಟದ ಚಿಂತೆಯೇ ಇಲ್ಲ ನೋಡಿ.

ಇನ್ನು ಕರೆಯುವ ಬಗೆ. ರೇಡಿಯೋದಲ್ಲಿ ಕೋಡ್ ಓದಿದರೆ ನೀವು ಸ್ಟೇಷನ್ ಬದಲಾಯಿಸುತ್ತೀರಿ, ಬಾಯಿಮಾತಲ್ಲೇ ಹೇಳುತ್ತೇನೆ. ಜಾವಾದಲ್ಲಿ 'ಕಾಲಬಲ್ ಸ್ಟೇಟ್‌ಮೆಂಟ್' ಎಂಬುದಿದೆ. ಕೊಡುವ ಮತ್ತು ಪಡೆಯುವ ಮೌಲ್ಯಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಡಬೇಕು. ಆ ಚಿಹ್ನೆಗಳ ಎಣಿಕೆ ಸೊನ್ನೆಯಿಂದಲ್ಲ, ಒಂದರಿಂದ. ವಾಪಸ್ ಬರುವ ಮೌಲ್ಯ ಯಾವ ಬಗೆಯದು ಎಂದು ಮೊದಲೇ ನೋಂದಾಯಿಸಬೇಕು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ 'ಇದು ಸ್ಟೋರ್ಡ್ ಪ್ರೊಸೀಜರ್' ಎಂದು ಕಮಾಂಡ್ ಟೈಪ್ ಹೇಳಬೇಕು. ಮರೆತು ಬರೀ ಹೆಸರು ಕೊಟ್ಟರೆ, ಮೈಕ್ರೋಸಾಫ್ಟ್‌ನದೇ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್, ನೀವು ಕೊಟ್ಟ ಪ್ಯಾರಾಮೀಟರನ್ನೇ, ಅಂದರೆ ಮೌಲ್ಯವನ್ನೇ, ಕೊಟ್ಟಿಲ್ಲ ಎನ್ನುತ್ತದೆ! ಕಣ್ಣೆದುರೇ ಕೊಟ್ಟಿದ್ದೀವಲ್ಲ ಎಂದು ಸಿಟ್ಟು ಬರುತ್ತದೆ, ಅಲ್ವಾ?

ಕರೆಯುವುದು ಇಷ್ಟೇ. ಜನ ಎಡವುವುದು ಉತ್ತರ ಓದುವಾಗ.

ಹೋಟೆಲಿನಲ್ಲಿ ಕೂತು ತಿಂಡಿ ತಿನ್ನುವುದನ್ನು ನೆನಪಿಸಿಕೊಳ್ಳಿ. ಒಂದೊಂದೇ ತಟ್ಟೆ ಬರುತ್ತದೆ. ಬಿಲ್ಲು ಕೊನೆಗೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಔಟ್‌ಪುಟ್ ಪ್ಯಾರಾಮೀಟರ್, ಅಂದರೆ ಪ್ರೊಸೀಜರ್ ವಾಪಸ್ ಕೊಡುವ ಮೌಲ್ಯ, ಈ ಬಿಲ್ಲಿನ ಹಾಗೆ. ಸಾಲುಗಳನ್ನೆಲ್ಲ ಓದಿ, ಅವನ್ನು ಓದಿಕೊಡುವ 'ರೀಡರ್' ಮುಚ್ಚುವವರೆಗೆ ಅದು ಕೈಗೆ ಸಿಗುವುದಿಲ್ಲ. ನಡುವೆಯೇ ಇಣುಕಿ, ಖಾಲಿ ಇದೆ ಎಂದು ಪ್ರೊಸೀಜರ್ ಬರೆದವರ ಮೇಲೆ ಜಗಳಕ್ಕೆ ಹೋದವರನ್ನು ನೋಡಿದ್ದೇನೆ. ಜೊತೆಗೆ ಒಳಗೆ ಒಂದೊಂದು ಅಪ್‌ಡೇಟ್ ಆದಾಗಲೂ 'ಇಷ್ಟು ಸಾಲು ಬದಲಾಯಿತು' ಎಂಬ ಸುದ್ದಿ ಬೇರೆ ಬರುತ್ತದೆ. ಸಪ್ಲೈಯರ್ ಸುಮ್ನೆ ಕೂಗುತ್ತಲೇ ಇದ್ದ ಹಾಗೆ. ಅದಕ್ಕೇ ಅನುಭವಸ್ಥರು ಪ್ರೊಸೀಜರ್‌ನ ಮೊದಲ ಸಾಲಲ್ಲೇ 'ಸೆಟ್ ನೋಕೌಂಟ್ ಆನ್' ಎಂದು ಬರೆದು ಅವನ ಬಾಯಿ ಮುಚ್ಚಿಸುತ್ತಾರೆ.

ಇನ್ನೊಂದು ತಪ್ಪು ನಂಬಿಕೆ ಇದೆ. ಪ್ರೊಸೀಜರ್ ಬಳಸಿದರೆ ಎಸ್‌ಕ್ಯೂಎಲ್ ಇಂಜೆಕ್ಷನ್, ಅಂದರೆ ಮಾಹಿತಿಯ ವೇಷದಲ್ಲಿ ಕಳ್ಳ ಆಜ್ಞೆ ನುಸುಳಿಸುವ, ಭಯವಿಲ್ಲ ಅಂತ. ಬಳಕೆದಾರರು ಟೈಪ್ ಮಾಡಿ ಕಳಿಸಿದ ಹೆಸರನ್ನು ಪ್ರೊಸೀಜರ್‌ನೊಳಗೆ ದಾರಕ್ಕೆ ದಾರ ಗಂಟು ಹಾಕಿದ ಹಾಗೆ ಕ್ವೆರಿಗೆ ಅಂಟಿಸಿ ಓಡಿಸಿದರೆ, ಕಳ್ಳನಿಗೆ ಬಾಗಿಲು ತೆರೆದೇ ಇರುತ್ತದೆ.

ನನ್ನ ಪಿಎಚ್‌ಪಿ ಪುಟದ ಕಥೆ ಹೇಳಿಬಿಡುತ್ತೇನೆ. ಮೈಎಸ್‌ಕ್ಯೂಎಲ್ ಪಟ್ಟಿ ಕೊಟ್ಟ ಮೇಲೆ, 'ಕೆಲಸ ಆಯಿತು' ಎಂದು ಇನ್ನೊಂದು ಉತ್ತರ ಕಳಿಸುತ್ತದೆ. ನಾನು ಪಟ್ಟಿ ತೆಗೆದುಕೊಂಡು ಎದ್ದುಬಿಟ್ಟಿದ್ದೆ. ಆ ಕೊನೆಯ ಉತ್ತರ ಹಾಗೇ ಕಾಯುತ್ತಿತ್ತು. ಮುಂದಿನ ಉತ್ತರ ಕೇಳುವ 'ನೆಕ್ಸ್ಟ್ ರಿಸಲ್ಟ್' ಇನ್ನಿಲ್ಲ ಎನ್ನುವವರೆಗೆ ಸುತ್ತುವ ಎರಡು ಸಾಲು ಸೇರಿಸಿದೆ, ಬೈಗುಳ ನಿಂತಿತು. ಆ ಸಾಲುಗಳ ಮೇಲೆ ಮುಂದೆ ಬರುವವರಿಗಾಗಿ ಒಂದು ಕಾಮೆಂಟ್ ಬರೆದಿಟ್ಟೆ: 'ತಟ್ಟೆ ಖಾಲಿ ಮಾಡಿ ಏಳಿ.'

ನಮಸ್ಕಾರ.